ಸೈಕಲ್ ದಿನಾಚರಣೆ ಇದೆ, ಸೈಕಲ್ ಬಿಡುವಂತಿಲ್ಲ

ಜೂನ್ 3ರ ಬೆಳಿಗ್ಗೆ ಎಂದಿನಂತೆ ಸೈಕಲ್ಲೇರಿ ಕೆಲಸಕ್ಕೆ ಹೊರಟಿದ್ದ ನನ್ನನ್ನು ದೊಡ್ಡ ವೃತ್ತದ ಬಳಿ ಬ್ಯಾರಿಕೇಡ್ ತಡೆಯಿತು. "ಏ ಸೈಕಲ್, ಇಳಿ ಕೆಳಗೆ" ಎಂಬ ಕೂಗಿಗೆ ಇಳಿದು ನಿಂತು, ಬಂದೋಬಸ್ತಿನಲ್ಲಿದ್ದ ಪೇದೆಯನ್ನು ಕಾರಣ ವಿಚಾರಿಸಿದೆ. ಇಷ್ಟೂ ತಿಳಿಯದವನು ಸೈಕಲ್ ಹೊಡೆಯುತ್ತಾನಲ್ಲ ಎಂಬ ಮರುಕದಿಂದ ಆತ ಹೇಳಿದ: "ಇವತ್ತು ವಿಶ್ವ ಸೈಕಲ್ ದಿನ. ಮಂತ್ರಿಗಳ ಸೈಕಲ್ ಜಾಥಾ ಇದೆ. ಅದು ಮುಗಿಯೋ ತನಕ ಈ ರಸ್ತೇಲಿ ಸೈಕಲ್ ಬಿಡೋ ಹಾಗಿಲ್ಲ."

ಆ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡೆ. ವ್ಯಾಕರಣದಲ್ಲಿ ದೋಷವಿರಲಿಲ್ಲ. ಆಡಳಿತದ ದೃಷ್ಟಿಯಿಂದ ನೋಡಿದರೆ ತರ್ಕದಲ್ಲಿಯೂ ದೋಷವಿರಲಿಲ್ಲ, ಏಕೆಂದರೆ ಸೈಕಲ್ ಸವಾರರನ್ನು ಮಧ್ಯೆ ನುಗ್ಗಲು ಬಿಟ್ಟರೆ ಸೈಕಲ್ಲಿನ ಮಹತ್ವವನ್ನು ಸಾರುವ ಕಾರ್ಯಕ್ರಮಕ್ಕೆ ಅಡ್ಡಿಯಾಗುತ್ತದೆಯೆಂಬುದು ಯಾರಿಗಾದರೂ ಅರ್ಥವಾಗುವ ಸಂಗತಿ. 2018ರ ಏಪ್ರಿಲ್‌ನಲ್ಲಿ ಈ ದಿನವನ್ನು ಘೋಷಿಸಿದ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಸೈಕಲ್ಲನ್ನು ಸರಳವಾದ, ಅಗ್ಗವಾದ, ನೆಚ್ಚಬಹುದಾದ, ಪರಿಸರಕ್ಕೆ ಹಿತವಾದ ವಾಹನವೆಂದು ಕೊಂಡಾಡಿತು. ಗುಣಗಳ ಆ ಪಟ್ಟಿಯಲ್ಲಿ ಒಂದು ಬಿಟ್ಟುಹೋಗಿದೆ. ರಸ್ತೆಯಿಂದ ಇಳಿಸುವುದಕ್ಕೆ ಇಷ್ಟು ಅನುಕೂಲವಾದ ವಾಹನ ಭೂಮಂಡಲದಲ್ಲಿ ಬೇರೊಂದಿಲ್ಲ.

ಬ್ಯಾರಿಕೇಡಿನ ಹಿಂದೆ ಮುಕ್ಕಾಲು ಗಂಟೆ ನಿಂತದ್ದರಿಂದ ಜಾಥಾವನ್ನು ಹತ್ತಿರದಿಂದ ನೋಡುವ ಭಾಗ್ಯ ಲಭಿಸಿತು. ಮೊದಲು ಸೈರನ್ ಹಾಕಿಕೊಂಡು ಎರಡು ಮೋಟಾರು ಬೈಕುಗಳು ಬಂದವು. ಅವುಗಳ ಹಿಂದೆ ಒಂದು ಜೀಪು, ಜೀಪಿನ ಹಿಂದೆ ತೆರೆದ ಟೆಂಪೋ, ಆ ಟೆಂಪೋದಲ್ಲಿ ಬೆನ್ನು ಮುಂದೆ ಮಾಡಿ ಕುಳಿತ ಹತ್ತು ಹನ್ನೆರಡು ಛಾಯಾಗ್ರಾಹಕರು. ಆ ಬಳಿಕವೇ ಮಂತ್ರಿಗಳ ಸೈಕಲ್ಲು. ಅದರ ಅಡ್ಡಕೊಳವೆಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಬಿಚ್ಚಿರಲಿಲ್ಲ. ಹೊಸ ಟೈರಿನ ಅಂಚಿನಲ್ಲಿ ಮೀಸೆಯಂತೆ ನಿಲ್ಲುವ ರಬ್ಬರಿನ ಎಳೆಗಳಲ್ಲಿ ಒಂದೂ ಸವೆದಿರಲಿಲ್ಲ. ಸೀಟನ್ನು ಸವಾರನ ಎತ್ತರಕ್ಕೆ ಹೊಂದಿಸುವ ಗೋಜಿಗೆ ಯಾರೂ ಹೋಗಿರದ ಕಾರಣ, ಪ್ರತಿ ತುಳಿತಕ್ಕೂ ಮಂತ್ರಿಗಳ ಮೊಣಕಾಲು ಎದೆಯ ಮೇಲಿನ ಬ್ಯಾಡ್ಜಿಗೆ ತಾಗಿ ಬರುತ್ತಿತ್ತು. ಆಪ್ತ ಸಹಾಯಕರೊಬ್ಬರು ಕ್ಯಾರಿಯರ್ ಹಿಡಿದುಕೊಂಡು, ಮಗುವಿಗೆ ಸೈಕಲ್ ಕಲಿಸುವ ತಂದೆಯ ವಾತ್ಸಲ್ಯದಲ್ಲಿ, ಏದುಸಿರು ಬಿಡುತ್ತ ಹಿಂದೆ ಓಡುತ್ತಿದ್ದರು. ಸ್ಟ್ಯಾಂಡ್ ಮೇಲೆತ್ತಲು ಮರೆತಿದ್ದರಿಂದ ತಿರುವಿನಲ್ಲಿ ಅದು ನೆಲಕ್ಕೆ ಉಜ್ಜಿ ಕಿರ್ರೆಂದಿತು, ಸೈಕಲ್ಲು ವಾಲಿತು, ಮಂತ್ರಿಗಳು ಸಮಯಪ್ರಜ್ಞೆ ತೋರಿ ಎರಡೂ ಪಾದಗಳನ್ನು ನೆಲಕ್ಕೂರಿ, ಉಳಿದ ದಾರಿಯನ್ನು ಕಾಲಿನಿಂದ ನೆಲವನ್ನು ಒದೆಯುತ್ತಲೇ ಕ್ರಮಿಸಿದರು.

ಸುತ್ತಲಿದ್ದವರು ನಕ್ಕರು. ಇತಿಹಾಸ ತಿಳಿದವರು ನಗಬಾರದು. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ಓಡಿಸಿ ತೋರಿಸಿದ, ಸೈಕಲ್ಲಿನ ಮೂಲಪುರುಷನೆನಿಸಿದ ಮರದ ಯಂತ್ರಕ್ಕೆ ಪೆಡಲ್ಲೇ ಇರಲಿಲ್ಲ. ಸವಾರ ಹೀಗೆಯೇ ನೆಲವನ್ನು ಒದ್ದು ಒದ್ದು ಮುಂದೆ ಸಾಗಬೇಕಿತ್ತು. ಭಾಷಣದಲ್ಲಿ ಭವಿಷ್ಯದ ಸಾರಿಗೆಯ ಬಗ್ಗೆ ಮಾತನಾಡಲಿದ್ದ ಮಂತ್ರಿಗಳು, ಅದಕ್ಕೆ ಮುನ್ನ 200 ವರ್ಷಗಳಷ್ಟು ಹಿಂದಿನ ತಂತ್ರಜ್ಞಾನದ ಪ್ರಾತ್ಯಕ್ಷಿಕೆಯನ್ನು ಪುಕ್ಕಟೆಯಾಗಿ ನೀಡಿದರೆಂದು ನಾನು ಭಾವಿಸಿದೆ.

ಜಾಥಾದ ಒಟ್ಟು ಉದ್ದ ಸುಮಾರು 400 ಮೀಟರ್. ಅದರಲ್ಲಿ ಇದ್ದ ಸೈಕಲ್ಲುಗಳು ಒಂಬತ್ತು, ಅವುಗಳನ್ನು ಹಿಂಬಾಲಿಸಿದ ಕಾರುಗಳು ಹದಿನಾಲ್ಕು. ಕಾರುಗಳೆಲ್ಲ ಸೈಕಲ್ಲಿನ ವೇಗಕ್ಕೆ ಹೊಂದಿಕೊಂಡು ಮೊದಲನೆಯ ಗೇರಿನಲ್ಲಿ ಗುರುಗುಟ್ಟುತ್ತ ಬರಬೇಕಾಗಿದ್ದುದರಿಂದ ಅವು ಉಗುಳಿದ ಹೊಗೆ ಸ್ವಲ್ಪ ದಟ್ಟವಾಗಿಯೇ ಇತ್ತು. ಅದರ ನಡುವೆ ತೇಲಿಬಂದ ಬ್ಯಾನರಿನ ಮೇಲೆ "ಶುದ್ಧ ಗಾಳಿ ನಮ್ಮ ಹಕ್ಕು" ಎಂದು ಬರೆದಿತ್ತು. ಮೊದಲ ಮೂರು ಪದಗಳು ಹೊಗೆಯಲ್ಲಿ ಮರೆಯಾಗಿದ್ದವು. ಹಕ್ಕು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ವೇದಿಕೆಯೇರಿದ ಮಂತ್ರಿಗಳು, ಬಾಲ್ಯದಲ್ಲಿ ತಾವೂ ಮೈಲಿಗಟ್ಟಲೆ ಸೈಕಲ್ ತುಳಿದು ಶಾಲೆಗೆ ಹೋಗುತ್ತಿದ್ದುದನ್ನು ಗದ್ಗದಿತರಾಗಿ ನೆನೆದರು. ಅದನ್ನು ನಾನು ನಂಬುತ್ತೇನೆ. ನಾನು ಕೇಳಿದ ಅಷ್ಟೂ ಸೈಕಲ್ ಭಾಷಣಗಳಲ್ಲಿ ನಾಯಕರು ಬಾಲ್ಯದಲ್ಲಿ ಸೈಕಲ್ ತುಳಿದಿದ್ದಾರೆ, ಮುಂದಿನ ಪೀಳಿಗೆಯೂ ತುಳಿಯಬೇಕೆಂದು ಕರೆ ಕೊಟ್ಟಿದ್ದಾರೆ. ರಾಜಕೀಯದ ವ್ಯಾಕರಣದಲ್ಲಿ ಸೈಕಲ್ಲು ಭೂತಕಾಲದಲ್ಲಿಯೂ ಭವಿಷ್ಯತ್ಕಾಲದಲ್ಲಿಯೂ ಸೊಗಸಾಗಿ ಚಲಿಸುತ್ತದೆ. ವರ್ತಮಾನಕಾಲಕ್ಕೆ ಕಾರು ಇದೆ, ಅದು ವೇದಿಕೆಯ ಹಿಂದೆಯೇ ಎಂಜಿನ್ ಆರಿಸದೆ ನಿಂತಿರುತ್ತದೆ.

ಇದು ಒಂದು ದೇಶದ ಅಥವಾ ಒಂದು ಪಕ್ಷದ ಕಾಯಿಲೆಯೆಂದು ಯಾರೂ ಮನಸ್ಸು ಕಹಿ ಮಾಡಿಕೊಳ್ಳಬೇಕಾಗಿಲ್ಲ. ಬ್ರಿಟನ್ನಿನಲ್ಲಿ ಡೇವಿಡ್ ಕ್ಯಾಮರೂನ್ ವಿರೋಧ ಪಕ್ಷದ ನಾಯಕರಾಗಿದ್ದಾಗ, 2006ರಲ್ಲಿ, ಪರಿಸರಪ್ರೇಮದ ದ್ಯೋತಕವಾಗಿ ಸಂಸತ್ತಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಅವರ ಕಾಗದಪತ್ರಗಳನ್ನು ಹೊತ್ತ ಕಾರೊಂದು ಹಿಂದಿನಿಂದ ಬರುತ್ತಿತ್ತೆಂಬುದನ್ನು ಪತ್ರಿಕೆಗಳು ಬಯಲಿಗೆಳೆದವು. ಪರಿಸರವನ್ನು ಒಬ್ಬರೇ ಉಳಿಸಬಹುದು, ಆದರೆ ಕಡತಗಳನ್ನು ಉಳಿಸಲು ಪೆಟ್ರೋಲು ಬೇಕು. ಅದೇ ದೇಶದಲ್ಲಿ 2012ರ ಸೆಪ್ಟೆಂಬರಿನ ಒಂದು ಸಂಜೆ, ಆಡಳಿತ ಪಕ್ಷದ ಮುಖ್ಯ ಸಚೇತಕರಾಗಿದ್ದ ಆಂಡ್ರ್ಯೂ ಮಿಚೆಲ್, ಪ್ರಧಾನಿಯ ನಿವಾಸವಿರುವ ಡೌನಿಂಗ್ ಸ್ಟ್ರೀಟಿನಿಂದ ಸೈಕಲ್ಲಿನಲ್ಲಿ ಹೊರಡಲು ಬಂದಾಗ, ಕಾವಲಿನ ಪೊಲೀಸರು ಅವರಿಗೆ ದೊಡ್ಡ ಗೇಟು ತೆರೆಯಲೊಪ್ಪದೆ, ಪಕ್ಕದಲ್ಲಿರುವ ಪಾದಚಾರಿಗಳ ಸಣ್ಣ ಗೇಟಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗಿ ಎಂದರು. ಮಾತಿಗೆ ಮಾತು ಬೆಳೆಯಿತು, ಮಾತು ಪತ್ರಿಕೆಗೆ ಹೋಯಿತು, ತಿಂಗಳು ಕಳೆಯುವಷ್ಟರಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಅವರು ಆಡಿದ ಮಾತಿನ ಬಗ್ಗೆ ನ್ಯಾಯಾಲಯದವರೆಗೂ ಜಗಳ ನಡೆಯಿತು. ನನಗೆ ಅದರಲ್ಲಿ ಆಸಕ್ತಿಯಿಲ್ಲ. ನನ್ನ ಗಮನ ಸೆಳೆದದ್ದು ಆ ಗೇಟು. ಕಾರಿನಲ್ಲಿದ್ದಾಗ ಯಾರಿಗಾಗಿ ದೊಡ್ಡ ಬಾಗಿಲು ತಾನಾಗಿ ತೆರೆಯುತ್ತದೆಯೋ, ಅದೇ ಮನುಷ್ಯ ಸೈಕಲ್ಲಿನಲ್ಲಿ ಬಂದರೆ ಪಕ್ಕದ ಸಂದಿಯಲ್ಲಿ ಇಳಿದು ನಡೆಯಬೇಕು. ಆ ಒಂದು ನಿಮಿಷ ಸರ್ಕಾರದ ಮುಖ್ಯ ಸಚೇತಕರೂ "ಏ ಸೈಕಲ್" ಆಗಿದ್ದರು. ನಮಗೆ ಇದು ದಿನನಿತ್ಯದ ಅಭ್ಯಾಸವಾದ್ದರಿಂದ ರಾಜೀನಾಮೆ ಕೊಡದೆಯೇ ನಿಭಾಯಿಸುತ್ತೇವೆ.

ಅಪವಾದವಿಲ್ಲವೆಂದಲ್ಲ. ನೆದರ್‌ಲೆಂಡ್ಸಿನ ಮಾರ್ಕ್ ರುಟ್ಟೆ ಪ್ರಧಾನಿಯಾಗಿದ್ದಷ್ಟು ಕಾಲವೂ ಕಚೇರಿಗೆ ಸೈಕಲ್ಲಿನಲ್ಲಿ ಹೋಗಿ ಬರುವುದಕ್ಕೆ ಹೆಸರಾಗಿದ್ದರು; 2024ರ ಜುಲೈನಲ್ಲಿ ಉತ್ತರಾಧಿಕಾರಿಗೆ ಅಧಿಕಾರ ಒಪ್ಪಿಸಿದ ಮೇಲೆ ಸೈಕಲ್ಲೇರಿ ಹೊರಟುಹೋದರು. ಆ ದೃಶ್ಯವನ್ನು ಜಗತ್ತೇ ಬೆರಗಾಗಿ ನೋಡಿತು. ಅಧಿಕಾರ ಕಳೆದುಕೊಂಡವರು ಮನೆಗೆ ಹೋಗುವುದೇ ಅಪರೂಪವಾಗಿರುವ ಕಾಲದಲ್ಲಿ, ಹೋಗುವುದಲ್ಲದೆ ತಾವೇ ತುಳಿದುಕೊಂಡು ಹೋಗುತ್ತಾರೆಂದರೆ ಬೆರಗಾಗದೆ ಇರುವುದು ಹೇಗೆ?

ನಿಂತಿರುವ ಸೈಕಲ್ಲಿಗೆ ಸಿಗುವ ಗೌರವವೇ ಬೇರೆ. ಮತಪತ್ರದ ಮೇಲೆ ಅಚ್ಚಾಗಿ ನಿಂತರಂತೂ ಅದಕ್ಕಾಗಿ ತಂದೆ ಮಕ್ಕಳು ಬಡಿದಾಡುತ್ತಾರೆ. 2017ರ ಜನವರಿಯಲ್ಲಿ ಸಮಾಜವಾದಿ ಪಕ್ಷದ ಸೈಕಲ್ ಚಿಹ್ನೆ ತನಗೆ ಸೇರಬೇಕೆಂದು ಮುಲಾಯಂ ಸಿಂಗ್ ಯಾದವರ ಬಣವೂ ಅವರ ಮಗ ಅಖಿಲೇಶರ ಬಣವೂ ಚುನಾವಣಾ ಆಯೋಗದ ಮೆಟ್ಟಿಲೇರಿದ್ದವು. ಕೊನೆಗೆ ಸೈಕಲ್ಲು ಮಗನ ಪಾಲಾಯಿತು. ಮಗ ದೊಡ್ಡವನಾದ ಮೇಲೆ ತಂದೆಯ ಸೈಕಲ್ಲಿಗೆ ಕೈ ಹಾಕುವುದು ಮನೆಮನೆಯ ಕಥೆ. ಆದರೆ ನಿಜವಾದ ಸೈಕಲ್ಲನ್ನು ಯಾರಾದರೂ ಕದ್ದೊಯ್ದಾಗ ದೂರು ಬರೆಸಲು ಹೋಗಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ನನ್ನ ಹಿಂದಿನ ಸೈಕಲ್ಲು ಕಳುವಾದಾಗ ಠಾಣೆಯಲ್ಲಿದ್ದವರು ನನ್ನನ್ನು ಬಹಳ ಹೊತ್ತು ನೋಡಿ, "ಸೈಕಲ್ಲಾ? ಬರೀ ಸೈಕಲ್ಲಾ?" ಎಂದು ಎರಡು ಬಾರಿ ಕೇಳಿದ್ದರು. ಅದರ ಚಿತ್ರವನ್ನು ಯಾರಾದರೂ ಕದ್ದಿದ್ದರೆ ಬಹುಶಃ ತನಿಖಾ ತಂಡವನ್ನೇ ರಚಿಸುತ್ತಿದ್ದರೇನೋ.

ಚಿತ್ರವೆಂದಾಗ ನಮ್ಮ ಸೈಕಲ್ ಪಥದ ವಿಚಾರಕ್ಕೆ ಬರಲೇಬೇಕು. ಕಳೆದ ವರ್ಷದ ಜೂನ್ 3ರಂದು ಇದೇ ರಸ್ತೆಯ ಎಡ ಅಂಚಿನಲ್ಲಿ ಹಸಿರು ಬಣ್ಣ ಬಳಿದು, ಅದರ ಮೇಲೆ ಹತ್ತು ಹೆಜ್ಜೆಗೊಂದರಂತೆ ಸೈಕಲ್ಲಿನ ಬಿಳಿಯ ಚಿತ್ರಗಳನ್ನು ಬರೆದು, ಪಥವನ್ನು ಲೋಕಾರ್ಪಣೆ ಮಾಡಲಾಗಿತ್ತು. ನಾನು ಮೊದಲ ದಿನವೇ ಭಕ್ತಿಯಿಂದ ಅದರೊಳಗೆ ಪ್ರವೇಶಿಸಿದೆ. ಆರಂಭದ ಐವತ್ತು ಮೀಟರ್ ಸುಖವಾಗಿ ಸಾಗಿದ ಬಳಿಕ ಪಥದ ನಟ್ಟನಡುವೆ ಒಂದು ವಿದ್ಯುತ್ ಕಂಬ ಎದುರಾಯಿತು. ಬಣ್ಣ ಬಳಿದವರು ಪ್ರಾಮಾಣಿಕರು. ಕಂಬದ ಬುಡದ ಸುತ್ತಲೂ ಒಂದಿಷ್ಟೂ ಜಾಗ ಬಿಡದೆ ಬಳಿದಿದ್ದರು. ಕಂಬವನ್ನು ಬಳಸಿ ಮುಂದೆ ಹೋದರೆ ಒಂದು ಮ್ಯಾನ್‌ಹೋಲ್, ಅದನ್ನು ದಾಟಿದರೆ ಜಲ್ಲಿಯ ರಾಶಿ, ಅದಕ್ಕೂ ಆಚೆ, ಹಸಿರು ಬಣ್ಣ ಮುಗಿಯುವಲ್ಲಿ, ಟ್ರಾನ್ಸ್‌ಫಾರ್ಮರಿನ ತಂತಿಬೇಲಿ. ಬೇಲಿಗೆ ತಾಗಿದಂತೆ ಬರೆದ ಕಟ್ಟಕಡೆಯ ಸೈಕಲ್ ಚಿತ್ರದ ಮುಂದಿನ ಗಾಲಿ ಬೇಲಿಯ ಒಳಗೂ ಹಿಂದಿನ ಗಾಲಿ ಹೊರಗೂ ಇತ್ತು. ಅಪಾಯದ ಫಲಕದಲ್ಲಿದ್ದ ತಲೆಬುರುಡೆ ಅದನ್ನು ಸವಾರನ ಸ್ಥಾನದಿಂದಲೇ ನೋಡುತ್ತಿತ್ತು.

ಉಳಿದ ಪಥದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಅಂಚಿನ ಬಿಳಿ ಗೆರೆ, ನಡುವಿನ ಹಸಿರು ಬಣ್ಣ, ಅಚ್ಚುಕಟ್ಟಾದ ಅಗಲ, ಇವೆಲ್ಲ ಕಾರು ನಿಲ್ಲಿಸಲು ಹೇಳಿ ಮಾಡಿಸಿದಂತಿವೆ. ಒಂದು ದಿನ ಹಾಗೆ ನಿಲ್ಲಿಸುತ್ತಿದ್ದ ಸಜ್ಜನರೊಬ್ಬರಿಗೆ, ಇದು ಸೈಕಲ್ ಪಥವೆಂದು ವಿನಯದಿಂದ ತಿಳಿಸಿದೆ. ಅವರು ಕಿಟಕಿಯ ಗಾಜನ್ನು ಅರ್ಧ ಇಳಿಸಿ, ಖಾಲಿ ಬಿದ್ದಿದ್ದ ಪಥವನ್ನು ಉದ್ದಕ್ಕೂ ನೋಡಿ, "ಇಲ್ಲಿ ಯಾರು ಸ್ವಾಮಿ ಸೈಕಲ್ ಹೊಡೀತಾರೆ?" ಎಂದು ಕೇಳಿದರು. ಹ್ಯಾಂಡಲ್ ಹಿಡಿದು ಅವರ ಎದುರಿಗೇ ನಿಂತಿದ್ದ ನನಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.

ಈ ಪಥ ಹುಟ್ಟುವ ಮುನ್ನ ಅಧಿಕಾರಿಗಳ ತಂಡವೊಂದು ನೆದರ್‌ಲೆಂಡ್ಸ್ ಮತ್ತು ಡೆನ್ಮಾರ್ಕಿಗೆ ಅಧ್ಯಯನ ಪ್ರವಾಸ ಮಾಡಿ ಬಂದಿತ್ತು. ಅವರು ಸಲ್ಲಿಸಿದ ವರದಿಯ ಸಾರವೇನೆಂದರೆ, ಅಲ್ಲಿಯ ಜನರಿಗೆ ಸೈಕಲ್ಲಿನ ಸಂಸ್ಕೃತಿ ರಕ್ತಗತವಾಗಿದೆ, ನಮಗೆ ಅದು ಬಂದಿಲ್ಲ. ಈ ರಕ್ತದ ವಿಷಯದಲ್ಲಿ ಅವರು ಸತ್ಯಕ್ಕೆ ಬಹಳ ಹತ್ತಿರ ಬಂದು ತಪ್ಪಿಸಿಕೊಂಡಿದ್ದಾರೆ. ಎರಡನೆಯ ಮಹಾಯುದ್ಧದ ತರುವಾಯ ಡಚ್ಚರೂ ಎಲ್ಲರಂತೆ ಕಾರಿಗೆ ಮರುಳಾಗಿ ರಸ್ತೆಗಳನ್ನೆಲ್ಲ ಅದಕ್ಕೆ ಬಿಟ್ಟುಕೊಟ್ಟಿದ್ದರು. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ರಕ್ತಗತವಾದದ್ದು ಹಾಗೆ. ಹೆತ್ತವರು ಬೀದಿಗಿಳಿದರು, "ಮಕ್ಕಳ ಕೊಲೆ ನಿಲ್ಲಿಸಿ" ಎಂಬ ಹೆಸರಿನಲ್ಲೇ ಚಳವಳಿ ಕಟ್ಟಿದರು, ರಸ್ತೆಗೆ ಅಡ್ಡಲಾಗಿ ಮಲಗಿದರು. 1973ರ ತೈಲ ಬಿಕ್ಕಟ್ಟು ಬಂದು ಭಾನುವಾರಗಳಂದು ಕಾರು ಓಡಿಸುವುದೇ ನಿಷಿದ್ಧವಾದಾಗ, ಕಾರಿಲ್ಲದ ರಸ್ತೆ ಹೇಗಿರುತ್ತದೆಂದು ಜನ ಕಣ್ಣಾರೆ ಕಂಡರು. ಈಗ ಪ್ರವಾಸ ಹೋದವರು ಫೋಟೋ ತೆಗೆದುಕೊಂಡು ಬರುವ ಆ ಪಥಗಳು ಹೀಗೆ ಜಗಳವಾಡಿ ಪಡೆದವು. ವರದಿಯಲ್ಲಿ ಈ ಜಗಳದ ಪ್ರಸ್ತಾಪವಿಲ್ಲ. ಹಸಿರು ಬಣ್ಣದ ಡಬ್ಬಿಗಳ ಸಂಖ್ಯೆ ಮಾತ್ರ ಇದೆ.

ವರದಿಯ ಇನ್ನೊಂದು ಅಂಶ ಹವಾಮಾನ. ಬಿಸಿಲು ಹೆಚ್ಚಾದ್ದರಿಂದ ಸೈಕಲ್ ತುಳಿಯುವುದು ಕಷ್ಟ, ಮಳೆ ಬಂದರೆ ಇನ್ನೂ ಕಷ್ಟವೆಂದು ಅದರಲ್ಲಿ ಬರೆದಿದೆ. ಫಿನ್ಲೆಂಡಿನ ಔಲು ನಗರದಲ್ಲಿ ಮಕ್ಕಳು ಹಿಮದ ಮೇಲೆಯೇ ಸೈಕಲ್ ತುಳಿದು ಶಾಲೆಗೆ ಹೋಗುತ್ತಾರೆ, ಏಕೆಂದರೆ ಅಲ್ಲಿ ಸೈಕಲ್ ಪಥದ ಹಿಮವನ್ನು ಬೆಳಗಾಗುವಷ್ಟರಲ್ಲಿ ಹಸನು ಮಾಡುತ್ತಾರೆ. ಕೊಲಂಬಿಯಾದ ಬೊಗೋಟಾದಲ್ಲಿ 1974ರಲ್ಲಿ ಶುರುವಾದ ಪದ್ಧತಿಯಂತೆ ಇಂದಿಗೂ ಭಾನುವಾರ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 100 ಕಿಲೋಮೀಟರಿಗೂ ಹೆಚ್ಚು ಉದ್ದದ ರಸ್ತೆಗಳಿಂದ ಕಾರುಗಳನ್ನು ಹೊರಗಿಟ್ಟು, ಸೈಕಲ್ಲಿನವರಿಗೂ ನಡೆಯುವವರಿಗೂ ಬಿಡುತ್ತಾರೆ. ಅಲ್ಲಿಯ ಪೇದೆಗಳು ಬ್ಯಾರಿಕೇಡನ್ನು ಕಾರಿನ ಕಡೆಗೆ ಮುಖ ಮಾಡಿ ಇಡುತ್ತಾರೆ. ತಾಂತ್ರಿಕವಾಗಿ ಇದು ಬಹಳ ಸಣ್ಣ ಬದಲಾವಣೆ. ಬ್ಯಾರಿಕೇಡಿಗೆ ಗಾಲಿಗಳೂ ಇರುತ್ತವೆ.

ರಸ್ತೆ ಕಾರಿನದು, ನಾವು ನುಸುಳಿಕೊಂಡವರು ಎಂಬ ಭಾವನೆ ನಮ್ಮಲ್ಲಿಯೇ ಎಷ್ಟು ಬೇರೂರಿದೆಯೆಂದರೆ, ಹಿಂದಿನಿಂದ ಹಾರ್ನ್ ಕೇಳಿದ ಕೂಡಲೇ ನಾನು ಅಪರಾಧಿಯಂತೆ ಮಣ್ಣಿಗಿಳಿದುಬಿಡುತ್ತೇನೆ. ಅಮೆರಿಕದಲ್ಲಿ ಒಳ್ಳೆಯ ರಸ್ತೆ ಬೇಕೆಂದು ಮೊದಮೊದಲು ಗಟ್ಟಿಯಾಗಿ ಕೇಳಿದವರಲ್ಲಿ ಸೈಕಲ್ ಸವಾರರೇ ಮುಂಚೂಣಿಯಲ್ಲಿದ್ದರೆಂಬುದನ್ನು ಓದಿದಾಗ ನನಗೆ ನಗು ಬಂತು. 1880ರಲ್ಲಿ ಸಂಘ ಕಟ್ಟಿಕೊಂಡ ಅವರು ಕೆಸರು, ಹಳ್ಳದಿಣ್ಣೆಗಳಿಂದ ಬೇಸತ್ತು, ಪತ್ರಿಕೆ ನಡೆಸಿ, ಶಾಸಕರನ್ನು ಕಾಡಿ, ಉತ್ತಮ ರಸ್ತೆಗಳ ಚಳವಳಿಯನ್ನೇ ಹುಟ್ಟುಹಾಕಿದರು. ರಸ್ತೆಗಳಾದವು. ಅವುಗಳ ಮೇಲೆ ಕಾರು ಬಂದು, ಸೈಕಲ್ಲಿಗೆ ಪಕ್ಕಕ್ಕೆ ಸರಿ ಎಂದಿತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಿತೆಂಬ ಮಾತನ್ನು ನಮ್ಮ ಹಿರಿಯರು ಬಹುಶಃ ಸೈಕಲ್ ಹೊಡೆಯುತ್ತಲೇ ಕಂಡುಕೊಂಡಿರಬೇಕು.

ಸಂಬೋಧನೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಕಾರಿನವರು "ಸಾರ್", ಆಟೋದವರು "ಅಣ್ಣ", ಲಾರಿಯವರು "ಗುರು". ಸೈಕಲ್ಲಿನವರಿಗೆ ಮಾತ್ರ ಮನುಷ್ಯಸಂಬಂಧದ ಪದವಿಲ್ಲ, ವಾಹನದ ಹೆಸರೇ ನಮ್ಮ ಹೆಸರು, ಅದೂ ಏಕವಚನದಲ್ಲಿ. ಆದರೆ ಭಾನುವಾರಗಳಂದು ಒಂದು ಪವಾಡ ನಡೆಯುತ್ತದೆ. ಮೈಗಂಟಿದ ಬಟ್ಟೆ, ತೂತುತೂತಿನ ಹೆಲ್ಮೆಟ್ಟು, ಬಣ್ಣದ ಕನ್ನಡಕ ಧರಿಸಿ, ಕಾರಿನ ನೆತ್ತಿಯ ಮೇಲೆ ಸೈಕಲ್ಲನ್ನು ಕಟ್ಟಿಕೊಂಡು ಊರಾಚೆಯವರೆಗೆ ಹೋಗಿ, ಅಲ್ಲಿ ಅದನ್ನು ಇಳಿಸಿ ತುಳಿಯುವವರನ್ನು ಅದೇ ಪೇದೆ "ಹುಷಾರು ಸಾರ್, ಗುಂಡಿ ಇದೆ" ಎಂದು ಎಚ್ಚರಿಸುತ್ತಾನೆ. ಅವರ ಮೇಲೆ ನನಗೆ ಮುನಿಸಿಲ್ಲ, ಅವರಾದರೂ ತುಳಿಯುತ್ತಾರೆ. ಗೌರವ ಸಲ್ಲುತ್ತಿರುವುದು ಸೈಕಲ್ಲಿಗೋ, ಅದನ್ನು ಹೊತ್ತು ತಂದ ಕಾರಿಗೋ ಎಂಬ ಸಣ್ಣ ಅನುಮಾನವಷ್ಟೆ. ಅವಶ್ಯಕತೆಗೆ ತುಳಿದರೆ "ಏ ಸೈಕಲ್", ಆರೋಗ್ಯಕ್ಕೆ ತುಳಿದರೆ "ಸಾರ್", ಪ್ರಚಾರಕ್ಕೆ ತುಳಿದರೆ ಸನ್ಮಾನ್ಯರು.

ಇಷ್ಟಾದರೂ ನಾನು ಸೈಕಲ್ ಬಿಟ್ಟಿಲ್ಲ, ಅದಕ್ಕೆ ಒಂದು ರಾಜಕೀಯ ಕಾರಣವೂ ಇದೆ. ಕಾಮಗಾರಿಯ ಗುಣಮಟ್ಟವನ್ನು ಲೆಕ್ಕಪರಿಶೋಧಕರಿಗಿಂತ ಮೊದಲೇ ಸೈಕಲ್ ಸವಾರನ ಬೆನ್ನುಹುರಿ ಪತ್ತೆಹಚ್ಚುತ್ತದೆ. ಎಲ್ಲಿಯವರೆಗೆ ಹೊಸ ಡಾಂಬರು ಬಿದ್ದಿದೆಯೆಂಬುದನ್ನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ: ಮಂತ್ರಿಗಳ ವೇದಿಕೆಯವರೆಗೆ. ಈ ಸಲ ಅದು ಎಷ್ಟು ಕರಾರುವಾಕ್ಕಾಗಿತ್ತೆಂದರೆ, ವೇದಿಕೆಯ ಎಡಗಂಬದ ಎದುರಿಗೆ ರಸ್ತೆ ಕನ್ನಡಿಯಂತಿತ್ತು, ಬಲಗಂಬದ ಎದುರಿಗೆ ಹಳೆಯ ಗುಂಡಿ ಶುರುವಾಗಿತ್ತು.

ಭಾಷಣಗಳು ಮುಗಿದು, ಮಂತ್ರಿಗಳು ವರ್ತಮಾನಕಾಲದೊಳಗೆ ಕುಳಿತು ಬಾಗಿಲು ಹಾಕಿಕೊಂಡ ಮೇಲೆ ಬ್ಯಾರಿಕೇಡನ್ನು ಸರಿಸಿದರು. ನಾನು ಸೈಕಲ್ಲೇರಿ ಹಸಿರು ಪಥದಲ್ಲಿ ಹೊರಟೆ. ಪುಣ್ಯಕ್ಕೆ ಕಾರ್ಯಕ್ರಮಕ್ಕಾಗಿ ಕಾರುಗಳನ್ನೆಲ್ಲ ತೆರವು ಮಾಡಿದ್ದರಿಂದ, ವರ್ಷದಲ್ಲಿ ಮೊದಲ ಬಾರಿಗೆ ಪಥ ಪಥವಾಗಿಯೇ ಇತ್ತು. ಮೂವತ್ತು ಮೀಟರ್ ಹೋಗಿದ್ದೆನೋ ಇಲ್ಲವೋ, ಒಂದು ಲಾರಿ ಹಿಮ್ಮುಖವಾಗಿ ಬಂದು ಪಥಕ್ಕೆ ಅಡ್ಡಲಾಗಿ ನಿಂತಿತು. ಜಾಥಾದ ಒಂಬತ್ತು ಸೈಕಲ್ಲುಗಳನ್ನು ಕೈಯಿಂದ ಕೈಗೆ ದಾಟಿಸಿ ಅದರೊಳಗೆ ಒಟ್ಟತೊಡಗಿದರು. ಮಂತ್ರಿಗಳ ಸೈಕಲ್ಲು ಎಲ್ಲಕ್ಕಿಂತ ಮೇಲೆ ಮಲಗಿತು; ಅಡ್ಡಕೊಳವೆಯ ಪ್ಲಾಸ್ಟಿಕ್ ಹಾಳೆ ಹಾಗೆಯೇ ಇತ್ತು, ಮುಂದಿನ ಗಾಲಿ ಗಾಳಿಯಲ್ಲಿ ತನ್ನಷ್ಟಕ್ಕೆ ತಿರುಗುತ್ತಿತ್ತು. ಪಕ್ಕದಲ್ಲಿ ಉಳಿದಿದ್ದ ಸಂದಿಯಲ್ಲಿ ನುಸುಳಿಕೊಳ್ಳೋಣವೆಂದು ನಾನು ಹ್ಯಾಂಡಲ್ ತಿರುಗಿಸುವಷ್ಟರಲ್ಲಿ, ಹಗ್ಗ ಬಿಗಿಯುತ್ತಿದ್ದ ಹುಡುಗ ಮೇಲಿನಿಂದಲೇ ಕೂಗಿದ:

"ಏ ಸೈಕಲ್, ಇಳಿದು ನಿಂತ್ಕೋ. ಕಾಣ್ಸಲ್ವಾ, ಸೈಕಲ್ ಹತ್ತಿಸ್ತಾ ಇದೀವಿ."